ಕಾರಿನ ಹಿಂಬದಿ ಶಾಕ್ ಸೆಟ್ಟಿಂಗ್ ಇನ್ನು ನಿಂತ ಕಾಲಲ್ಲೇ ಆಗಲ್ಲ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಕಾರಿನ ಹಿಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್ ಗಟ್ಟಿ ಅಥವಾ ಮೆತ್ತಗೆ ಮಾಡಿಸಲು ಮೊದಲೇ ಫೋನ್ ಮಾಡಿ ಬರಬೇಕು. ಗಾಡಿಯನ್ನು ಅರ್ಧ ದಿನ ನಮ್ಮಲ್ಲಿ ಬಿಡಬೇಕು. ಕೂಲಿಯೂ ಇರುತ್ತದೆ. ಇಷ್ಟು ದಿನ ಹೋಗ್ತಾ ಬರ್ತಾ ನಿಲ್ಲಿಸಿ ಪುಕ್ಕಟೆ ಮಾಡಿಸಿಕೊಂಡವರಿಗೆ ಬೇಜಾರಾಗುತ್ತದೆ, ಗೊತ್ತು. ಕ್ಷಮಿಸಿ.

"ಒಂದು ನಾಬ್ ತಿರುಗಿಸೋಕೆ ಅರ್ಧ ದಿನಾನಾ?" ಇದನ್ನು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಶಾಕ್ ಗಟ್ಟಿ-ಮೆತ್ತಗೆ ಮಾಡುವ ಆ ನಾಬ್ ತಿರುಗಿಸಲು ಎರಡು ನಿಮಿಷ ಸಾಕು, ನಿಜ. ಆದರೆ ನಾಬ್ ಹತ್ತಿರ ಕೈ ಹೋಗಬೇಕಲ್ವಾ? ಡಿಕ್ಕಿಯಲ್ಲಿ ನೀವು ಕೂರಿಸಿದ ಸ್ಪೀಕರ್ ಪೆಟ್ಟಿಗೆ ಎತ್ತಬೇಕು, ಪಕ್ಕದ ಹೊದಿಕೆ ಬಿಚ್ಚಬೇಕು. ಅದರ ಪ್ಲಾಸ್ಟಿಕ್ ಕ್ಲಿಪ್ ಹಳೇದಾಗಿದ್ದರೆ ಮುಟ್ಟಿದ ಕೂಡಲೇ ಪಟ್ ಅನ್ನುತ್ತದೆ. ಇದುವರೆಗೆ ಹೊಸ ಕ್ಲಿಪ್ಪನ್ನು ನಮ್ಮ ದುಡ್ಡಲ್ಲೇ ಹಾಕಿದ್ದೇವೆ, "ನೀವೇ ಮುರಿದಿರಿ" ಅಂತಲೂ ಅನ್ನಿಸಿಕೊಂಡಿದ್ದೇವೆ. ಕೆಲವು ಶಾಕ್‌ಗಳಿಗೆ ನಾಬೇ ಇರಲ್ಲ. ಪೂರ್ತಿ ಬಿಚ್ಚಿ, ರಾಡನ್ನು ತುದಿವರೆಗೆ ಒಳಗೆ ಒತ್ತಿ, ಒಳಗಿನ ಭಾಗ ಕಚ್ಚಿಕೊಂಡ ಮೇಲೆ ತಿರುಗಿಸಬೇಕು. ಮತ್ತೆ ಹಾಕುವಾಗ ಚಕ್ರ ನೇತಾಡುತ್ತಿರುವಾಗಲೇ ಕೆಳಗಿನ ಬೋಲ್ಟ್ ಬಿಗಿದರೆ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಗಾಡಿಯ ಭಾರ ಬಿಟ್ಟು ಆಮೇಲೆ ಬಿಗಿಯಬೇಕು. ಅಷ್ಟು ಹೊತ್ತೂ ಗಾಡಿ ಎತ್ತುವ ಒಂದು ಲಿಫ್ಟ್ ಬೇರೆ ಯಾರಿಗೂ ಸಿಗಲ್ಲ. ಆ ಲೆಕ್ಕ ಯಾರೂ ಕೇಳಲ್ಲ.

ನಾಬ್ ತಿರುಗಿಸುವಾಗ ಆಗುವ ಕ್ಲಿಕ್ ಎಣಿಸುವುದೂ ಸುಮ್ನೆ ಅಲ್ಲ. ಪೂರ್ತಿ ಗಟ್ಟಿ ಕಡೆಗೆ ಒಯ್ದು, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಪಕ್ಕದಲ್ಲಿ ಗ್ರೈಂಡರ್ ಓಡುತ್ತಿದ್ದರೆ ಕ್ಲಿಕ್ ಸದ್ದು ಕೇಳಿಸಲ್ಲ, ಬೆರಳಿಗೇ ಗೊತ್ತಾಗಬೇಕು. ತುದಿ ಸಿಕ್ಕ ಮೇಲೂ ಬಲ ಹಾಕಿದರೆ ನಾಬ್ ಕೆಟ್ಟಂತೆ. ಎಡಗಡೆ ಶಾಕಿಗೆಷ್ಟೋ ಬಲಗಡೆಗೂ ಅಷ್ಟೇ ಕ್ಲಿಕ್ ಇರಬೇಕು. ಒಂದು ಸಲ ನಾವು ಎಡಕ್ಕೆ 6, ಬಲಕ್ಕೆ 9 ಬಿಟ್ಟು ಗಾಡಿ ಕಳಿಸಿದೆವು. ಎಡ ತಿರುವಿನಲ್ಲಿ ಒಂಥರಾ, ಬಲ ತಿರುವಿನಲ್ಲಿ ಇನ್ನೊಂಥರಾ. ತಪ್ಪು ನಮ್ಮದೇ. ನಾಲ್ಕು ಜನ ಅವಸರ ಮಾಡುತ್ತಾ ನಿಂತಿದ್ದರು, ನಾವು ಮಾತಾಡ್ತಾ ಎಣಿಸಿದೆವು. ಈ ಬದಲಾವಣೆ ಹುಟ್ಟಿದ್ದೇ ಅವತ್ತು.

ಇನ್ನೊಂದು ಮಾತಿಗೆ ಕೆಲವರಿಗೆ ಕೋಪ ಬರಬಹುದು. "ಫುಲ್ ಟೈಟ್ ಮಾಡಿ" ಅಂದ ಕೂಡಲೇ ಇನ್ನು ಮಾಡಲ್ಲ. ಹಿಂದೆ ಮೂರು ಜನ ಕೂತರೆ ಗಾಡಿ ಕುಸಿಯುತ್ತೆ, ಶಾಕ್ ಗಟ್ಟಿ ಮಾಡಿ ಅಂತೀರಿ. ಭಾರ ಹೊರುವುದು ಸ್ಪ್ರಿಂಗ್. ಶಾಕ್ ಅದರ ಕುಣಿತ ತಡೆಯುತ್ತದೆ, ಅಷ್ಟೇ. ಜಾಸ್ತಿ ಗಟ್ಟಿಯಾದರೆ ಒಂದು ಉಬ್ಬಿನಲ್ಲಿ ಕುಗ್ಗಿದ ಸ್ಪ್ರಿಂಗ್ ಇನ್ನೂ ಬಿಚ್ಚಿಕೊಳ್ಳುವುದರೊಳಗೆ ಮುಂದಿನ ಉಬ್ಬು ಬರುತ್ತದೆ. ಗಾಡಿ ಇನ್ನೂ ಕೆಳಗೆ ಕೂರುತ್ತದೆ. ಹಿಂದಿನ ಸೀಟು ಕಿತ್ತು ಹಗುರ ಮಾಡಿದ ಗಾಡಿಗಳಲ್ಲಂತೂ ಹಿಂದಿನ ಟೈರ್ ನೆಲ ಬಿಟ್ಟು ಹಾರುತ್ತದೆ. ಕೂತವರಿಗೆ ಬಿಗಿ ಅನ್ನಿಸುತ್ತದೆ, ಹೋಗಿರುವುದು ಹಿಡಿತ.

ಸ್ಪ್ರಿಂಗ್ ಬದಲಿಸಿ ತಗ್ಗಿಸಿದ ಗಾಡಿಯಾದರೆ ಮೊದಲು ಶಾಕ್ ರಾಡಿಗೆ ಒಂದು ಕೇಬಲ್ ಟೈ ಸುತ್ತಿ ಓಡಿಸಿ ನೋಡುತ್ತೇವೆ. ಟೈ ಶಾಕ್ ತೀರಾ ಕುಗ್ಗದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪರ್‌ವರೆಗೆ ಸರಿದಿದ್ದರೆ ನೀವು ಕೇಳುತ್ತಿರುವ ದಡ್ ದಡ್ ಆ ರಬ್ಬರಿನದು. ಆಗ ನಾಬ್ ಎಷ್ಟು ತಿರುಗಿಸಿದರೂ ಅದು ಹೋಗಲ್ಲ. ಶಾಕಿನಿಂದ ಎಣ್ಣೆ ಸೋರುತ್ತಿದ್ದರೂ ಅಷ್ಟೇ. ಅಂಥ ಗಾಡಿಗೆ ಸೆಟ್ಟಿಂಗ್ ಕೂಲಿ ತೆಗೆದುಕೊಳ್ಳಲ್ಲ, ವಿಷಯ ಹೇಳಿ ಕಳಿಸುತ್ತೇವೆ.

ಎರಡು ವಾರ ಓಡಿಸಿ ನೋಡಿ. ಹಿಡಿಸದಿದ್ದರೆ ಒಂದು ಸಲ ಪುಕ್ಕಟೆ ಬದಲಿಸಿಕೊಡುತ್ತೇವೆ. ಹಳಬರ ಕ್ಲಿಕ್ ಲೆಕ್ಕವೆಲ್ಲ ನಮ್ಮ ಎಣ್ಣೆ ಮೆತ್ತಿದ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ, ಗಾಡಿ ನಂಬರ್ ಹೇಳಿದರೆ ಸಾಕು. ಬರುವಾಗ ದಯವಿಟ್ಟು ಡಿಕ್ಕಿ ಖಾಲಿ ಮಾಡಿಕೊಂಡು ಬನ್ನಿ.

ಇಂತಿ,
ನಿಮ್ಮ ವರ್ಕ್‌ಶಾಪಿನವರು