ಮಂಜರಾಬಾದ್ ಕೋಟೇಲಿ ಕೂತು ನೋಡೋ ಹಾಗಾಗಲಿ

ಮಾನ್ಯ ಸಂಪಾದಕರೇ,

ಶನಿವಾರ ಭಾನುವಾರ ಬಂತಂದ್ರೆ ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆ ಕೆಳಗೆ ಹೈವೇ ಪಕ್ಕ ಗಾಡಿಗಳ ಸಾಲು. ಜನ ಏದುಸಿರು ಬಿಡ್ತಾ ಮೆಟ್ಟಿಲು ಹತ್ತತಾರೆ, ನಾಲ್ಕು ಫೋಟೋ ಹೊಡ್ಕೊತಾರೆ, ಅರ್ಧ ಗಂಟೇಲಿ ಇಳಿದು ಮಂಗಳೂರು ಕಡೆ ಹೊರಟೇ ಬಿಡ್ತಾರೆ. ಇಷ್ಟು ಚೆಂದದ ಕೋಟೆಗೆ ಇಷ್ಟೇನಾ ಅಂತ ಹೊಟ್ಟೆ ಉರಿಯುತ್ತೆ ಸಾರ್.

ನಾವು ಮನೆಯವರೆಲ್ಲ ಶ್ರೀಲಂಕಾಕ್ಕೆ ಹೋದಾಗ ಗಾಲೆ ಕೋಟೇಲಿ ಒಂದಿಡೀ ದಿನ ಕಳೆದ್ವಿ. ಕ್ರಿಕೆಟ್ ನೋಡೋರಿಗೆ ಗೊತ್ತಿರುತ್ತೆ, ಟಿವಿಲಿ ಸ್ಟೇಡಿಯಂ ಹಿಂದೆ ಕಾಣೋ ಗೋಡೆನೇ ಅದು. ಪೋರ್ಚುಗೀಸರು ಶುರು ಮಾಡಿದ್ದು, 1640ರಲ್ಲಿ ಡಚ್ಚರು ಕಿತ್ಕೊಂಡು ದೊಡ್ಡದು ಮಾಡಿದ್ರು, 1796ರಲ್ಲಿ ಬ್ರಿಟಿಷರ ಪಾಲಾಯ್ತು. ಹಳೇ ಬಾಗಿಲಿನ ಹೊರಗಡೆ ಬ್ರಿಟಿಷರ ಲಾಂಛನ ಇದ್ರೆ ಒಳಗಡೆ ಡಚ್ಚರ ಈಸ್ಟ್ ಇಂಡಿಯಾ ಕಂಪನಿದು, ಎರಡು ಸಿಂಹ, ತಲೆ ಮೇಲೊಂದು ಹುಂಜ, ಕೆಳಗೆ 1669 ಅಂತ ಇಸವಿ. ಗೋಡೆ ಮೇಲೆ ನಡೆಯೋಕೆ ಟಿಕೆಟ್ ಇಲ್ಲ, ಬೇಗ ಹೋಗಿ ಅನ್ನೋರೂ ಇಲ್ಲ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹೆಂಚಿನ ಮನೆಗಳು, ಸಾಕಾದ್ರೆ ಇಳಿದು ಮರದ ನೆರಳಲ್ಲಿ ಎಳನೀರು ಕುಡಿಯೋದು, ಮತ್ತೆ ಹತ್ತೋದು. ಒಳಗೆ ಇವತ್ತಿಗೂ ಜನ ಸಂಸಾರ ಮಾಡ್ಕೊಂಡಿದ್ದಾರೆ, ಕೋರ್ಟು, ಸ್ಕೂಲು, ಮಸೀದಿ, ಬುದ್ಧನ ಗುಡಿ ಎಲ್ಲಾ ಇದೆ, 1755ರ ಡಚ್ ಚರ್ಚಲ್ಲಿ ನೆಲಕ್ಕೇ ಗೋರಿ ಕಲ್ಲು ಹಾಸಿದ್ದಾರೆ, ಕಾಲಿಡೋಕೂ ಮುಜುಗರ ಆಗುತ್ತೆ. 2004ರ ಸುನಾಮಿಲಿ ಹೊರಗಿನ ಬಸ್ ಸ್ಟ್ಯಾಂಡ್ ಕೊಚ್ಚಿ ಹೋದ್ರೂ ಈ ಗೋಡೆ ಒಳಗಿನ ಊರನ್ನ ಬಹುಪಾಲು ಉಳಿಸ್ತು.

ನಮ್ಮದೇನು ಕಮ್ಮಿ? ಗಾಲೆದು ಕಡಲು ಕಾಯೋ ಕೋಟೆ ಆದ್ರೆ ನಮ್ಮದು ಕಡಲ ಕಡೆಯಿಂದ ಘಾಟಿ ಹತ್ತಿ ಬರೋರನ್ನ ಕಾಯೋದು. ಟಿಪ್ಪು ಕಾಲದ್ದು, 1792ರದ್ದು, ಎಂಟು ಮೂಲೆ ನಕ್ಷತ್ರ, ಫ್ರೆಂಚರ ಶೈಲಿ. ಒಂದು ಮೂಲೆ ಗೋಡೆಗೆ ಬಂದೋರ ಮೇಲೆ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು, ನಕ್ಷತ್ರ ಮಾಡಿದ್ದೇ ಅದಕ್ಕೆ. ಬಂದೋರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಾಗುತ್ತೆ ಹೇಳಿ, ನಡುವಿನ ಪ್ಲಸ್ ಆಕಾರದ ಕೊಳ ಇಣುಕಿ ನೋಡಿ ವಾಪಸ್ ಹೋಗ್ತಾರೆ ಅಷ್ಟೇ.

ಸಂಬಂಧಪಟ್ಟೋರಲ್ಲಿ ನನ್ನ ಕೋರಿಕೆ ಇಷ್ಟೇ. ಕೋಟೆಯ ನಕ್ಷೆ ಸಮೇತ ಕನ್ನಡದಲ್ಲಿ ದೊಡ್ಡ ಬೋರ್ಡು ಹಾಕಿ. ವಯಸ್ಸಾದೋರು ಹತ್ತುವಾಗ ಅಲ್ಲಲ್ಲಿ ಕೂರೋಕೆ ಕಲ್ಲುಬೆಂಚು, ಕುಡಿಯೋ ನೀರು, ಹೆಂಗಸರಿಗೆ ಕ್ಲೀನಾಗಿರೋ ಶೌಚಾಲಯ ಬೇಕು. ನಮ್ಮೂರ ಹುಡುಗ ಹುಡುಗೀರಿಗೇ ಟ್ರೈನಿಂಗ್ ಕೊಟ್ಟು ಗೈಡ್ ಮಾಡಿ, ಅವರಿಗೂ ದುಡಿಮೆ ಆಗುತ್ತೆ. ಮಳೆಗಾಲದಲ್ಲಿ ಗೋಡೆ ಮೇಲೆ ಪಾಚಿ ಕಟ್ಟಿ ಜಾರುತ್ತೆ, ಆಗ ಅಲ್ಲೊಬ್ಬ ಕಾವಲಿನೋರು ಇರ್ಲೇಬೇಕು.

– ಓದುಗ, ಸಕಲೇಶಪುರ, ಹಾಸನ ಜಿಲ್ಲೆ