ಕಿಟಿಮಾಟ್‌ನ ಒಪ್ಪಿಗೆ, ನಮ್ಮ ಕರಾವಳಿಯ ಅಹವಾಲು

ಮಾನ್ಯ ಸಂಪಾದಕರೇ,

ಹೊನ್ನಾವರದ ಕಾಸರಕೋಡು, ಅಂಕೋಲಾದ ಕೇಣಿಯಲ್ಲಿ ಮೀನುಗಾರರು ಬಂದರು ಬೇಡವೆಂದಾಗ, ಕೆನಡಾದ ಮೂಲನಿವಾಸಿಗಳೇ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ರಫ್ತಿಗೆ ಮುಂದಾಗಿರುವಾಗ ಇಲ್ಲೇಕೆ ಅಡ್ಡಗಾಲು ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಬೆಂಬಲ ಇರುವುದು ನಿಜ. ಅದು ಹೇಗೆ ಬಂತೆಂಬುದನ್ನೂ ನೋಡಬೇಕು.

ಬ್ರಿಟಿಷ್ ಕೊಲಂಬಿಯಾದ ಕಿಟಿಮಾಟ್ ಬಳಿಯ ಸೀಡರ್ ಎಲ್‌ಎನ್‌ಜಿ ರಫ್ತು ಘಟಕದಲ್ಲಿ ಹೈಸ್ಲಾ ಎಂಬ ಮೂಲನಿವಾಸಿ ಸಮುದಾಯದ ಪಾಲು ಶೇ 50.1. ಉಳಿದದ್ದು ಪೆಂಬಿನಾ ಕಂಪನಿಯದು. ಹೂಡಿಕೆಯ ಅಂತಿಮ ತೀರ್ಮಾನವಾದದ್ದು 2024ರ ಜೂನ್‌ನಲ್ಲಿ. ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿಗೆ ತಂಪು ಮಾಡಿದರೆ ಅದು ದ್ರವವಾಗಿ, ಗಾತ್ರ 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಕೆಲಸಕ್ಕೆ ಅಪಾರ ಶಕ್ತಿ ಬೇಕು. ಸಾಮಾನ್ಯವಾಗಿ ಬಂದ ಅನಿಲದಲ್ಲೇ ಒಂದಿಷ್ಟನ್ನು ಉರಿಸುತ್ತಾರೆ. ಸೀಡರ್ ಘಟಕ ಅದಕ್ಕೆ ಬದಲು ಜಲವಿದ್ಯುತ್ ಜಾಲಕ್ಕೆ ಜೋಡಿಸಿಕೊಳ್ಳುತ್ತಿದೆ.

ಮೀನುಗಾರರು ಗಮನಿಸಬೇಕಾದ್ದು ಅದೇ ಪ್ರಾಂತ್ಯದ ವುಡ್‌ಫೈಬರ್ ಎಲ್‌ಎನ್‌ಜಿ ಯೋಜನೆ. ಅಲ್ಲಿ ಸ್ಕ್ವಾಮಿಶ್ ಮೂಲನಿವಾಸಿ ಸಮುದಾಯ ಸರ್ಕಾರದ ವರದಿಗೆ ಕಾಯದೆ ತನ್ನದೇ ಪರಿಸರ ಪರಿಶೀಲನೆ ನಡೆಸಿ, ಷರತ್ತು ಹಾಕಿ ಒಪ್ಪಿತು. ಯಂತ್ರ ತಣಿಸಲು ಸಮುದ್ರದ ನೀರು ಬಳಸುವುದು ಕಂಪನಿಯ ಮೊದಲ ಯೋಜನೆ. ಹಾಗೆ ಮಾಡಿದರೆ ನೀರೆಳೆಯುವ ಕೊಳವೆಗೆ ಮೀನಿನ ಮೊಟ್ಟೆ, ಮರಿಗಳೂ ಸಿಕ್ಕಿ ಸಾಯುತ್ತವೆ. ಪಾಚಿ ಕಟ್ಟದಂತೆ ಕ್ಲೋರಿನ್ ಬೆರೆತ ನೀರು ಬಿಸಿಯಾಗಿಯೇ ಕಡಲಿಗೆ ಮರಳುತ್ತದೆ. ಆ ಘಟಕವಿರುವ ಕೊಲ್ಲಿಗೆ ಹೆರಿಂಗ್ ಮೀನು, ಅಂದರೆ ನಮ್ಮ ತಾರ್ಲೆಯ ದೂರದ ಬಂಧು, ಆಗಷ್ಟೇ ಮರಳಿ ಬರತೊಡಗಿತ್ತು. ಸ್ಕ್ವಾಮಿಶ್ ಜನ ಗಾಳಿಯಿಂದಲೇ ತಣಿಸಬೇಕೆಂದರು, ಕಂಪನಿ ವಿನ್ಯಾಸ ಬದಲಿಸಿತು.

ಎಲ್ಲೆಡೆ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಕಿಟಿಮಾಟ್‌ಗೆ ಅನಿಲ ತರುವ 670 ಕಿ.ಮೀ. ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆಮಾರ್ಗಕ್ಕೆ ಮೂಲನಿವಾಸಿ ಸಮುದಾಯಗಳ 20 ಚುನಾಯಿತ ಮಂಡಳಿಗಳು ಸಹಿ ಹಾಕಿದ್ದವು. ಆದರೆ ವೆಟ್‌ಸುವೆಟೆನ್ ಜನರ ವಂಶಪಾರಂಪರ್ಯ ಮುಖ್ಯಸ್ಥರು, ಮಂಡಳಿಯ ಅಧಿಕಾರ ಮೀಸಲು ಪ್ರದೇಶಕ್ಕೆ ಸೀಮಿತ, ಪೂರ್ವಜರ ನೆಲದ ಮಾತು ನಮ್ಮದು ಎಂದರು. 2020ರ ಆರಂಭದಲ್ಲಿ ಅವರ ಬೆಂಬಲಿಗರು ಹಳಿ ತಡೆದು, ಕೆನಡಾದ ಉದ್ದಗಲಕ್ಕೂ ರೈಲುಗಳು ನಿಂತವು. ಯಾರ ಒಪ್ಪಿಗೆ ಕೇಳಬೇಕೆಂಬುದು ಮೊದಲೇ ಇತ್ಯರ್ಥವಾಗದಿದ್ದರೆ ಸಹಿಯಿದ್ದೂ ಕೆಲಸ ಕೆಡುತ್ತದೆ.

ನಮ್ಮಲ್ಲಿ ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟವರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಪಾಲಿನ ಮಾತನ್ನು ಯಾರೂ ಎತ್ತಲೇ ಇಲ್ಲ. 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ವಿಚಾರಣೆ ಅಹವಾಲು ದಾಖಲಿಸುತ್ತದೆಯೇ ಹೊರತು ಒಪ್ಪಿಗೆ ಕೇಳುವುದಿಲ್ಲ. ಸ್ಥಳೀಯ ಭಾಷೆಯಲ್ಲಿ ಕಡ್ಡಾಯವಾಗಿರುವುದು ವರದಿಯ ಸಾರಾಂಶ ಮಾತ್ರ. ಹೂಳೆತ್ತಿ ಎಲ್ಲಿ ಸುರಿಯುತ್ತಾರೆ, ಬಂಗಡೆ ಮೊಟ್ಟೆ ಇಡುವ ಕಾಲದಲ್ಲಿ ಕೆಲಸ ನಿಲ್ಲಿಸುತ್ತಾರೆಯೇ ಎಂಬಂಥ ವಿವರ ಇಂಗ್ಲಿಷ್ ಸಂಪುಟಗಳಲ್ಲೇ ಉಳಿಯುತ್ತದೆ.

ಮುಂದಿನ ವಿಚಾರಣೆಗೆ 30 ದಿನ ಮುಂಚೆ ಪೂರ್ಣ ವರದಿ ಕನ್ನಡದಲ್ಲಿ ಪ್ರತಿ ಮೀನುಗಾರ ಸಂಘದ ಕೈಸೇರಲಿ. ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ಆಯುವ ಹೆಂಗಸರನ್ನೂ ಕರೆದು ಕೇಳಲಿ. ಬಂದರಿನ ಆದಾಯದಲ್ಲಿ ಅವರ ಪಾಲೆಷ್ಟೆಂದು ಜಿಲ್ಲಾಡಳಿತ ಲಿಖಿತವಾಗಿ ತಿಳಿಸಲಿ.

– ಕರಾವಳಿಯ ಓದುಗರು, ಕಾರವಾರ