ತಪಾಸಣೆಗೆ ಬಂದು ಮಾರನೇ ದಿನ ಮಾಯವಾದ ಮಷಿನ್‌ಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಕೌಶಲ್ಯ ತರಬೇತಿ ಕೇಂದ್ರ

ಮಾನ್ಯರೇ,

ನಾನು ನಿಮ್ಮ ಕೇಂದ್ರದಲ್ಲಿ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಡಿ ಹೊಲಿಗೆ ಮಷಿನ್ ಆಪರೇಟರ್ ತರಬೇತಿ ಪಡೆಯುತ್ತಿದ್ದೇನೆ. ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಕೆಂದು ಬಂದವಳು.

ಕಳೆದ ತಿಂಗಳು ತಪಾಸಣೆ ಇತ್ತಲ್ವಾ? ಹಿಂದಿನ ಸಂಜೆ ಟೆಂಪೊದಲ್ಲಿ ಕರೆಂಟ್ ಮಷಿನ್‌ಗಳು ಬಂದವು. ಜೊತೆಗೆ ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷಿನ್ ಎರಡು. ನಾವೇ ಕೆಳಗಿಳಿಸಿ, ಒರೆಸಿ, ಸಾಲಾಗಿ ಜೋಡಿಸಿದೆವು. ಗೋಡೆಗೆ ಚಾರ್ಟ್ ಬಂತು. ಶೌಚಾಲಯಕ್ಕೆ ಬಕೆಟ್ಟು, ಸೋಪು ಬಂತು. ಅವತ್ತು ಪಾಠ ಮಾಡಿದ ಮೇಡಂ ಮುಖವನ್ನು ನಾವು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಬಂದ ಅಧಿಕಾರಿಗಳು ಮಷಿನ್ ಎಣಿಸಿದರು, ಫೋಟೊ ತೆಗೆದರು, ಬಯೋಮೆಟ್ರಿಕ್ ಹಾಜರಿ ನೋಡಿದರು. ನಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೂ ನೀವು ಪಕ್ಕದಲ್ಲೇ ನಿಂತಿದ್ದಿರಿ. ಮಾರನೇ ದಿನ ಅದೇ ಟೆಂಪೊ ಬಂತು, ಮಷಿನ್‌ಗಳು ಹೋದವು.

ಈಗ ನಾವು ಮತ್ತೆ ಹಳೇ ಕಾಲಿನ ಮಷಿನ್ ತುಳಿಯುತ್ತಿದ್ದೇವೆ. ಗಾರ್ಮೆಂಟ್ಸ್‌ನಲ್ಲಿ ಕಾಲಿನ ಮಷಿನ್ ಎಲ್ಲಿದೆ ಹೇಳಿ? ಕರೆಂಟ್ ಮಷಿನ್‌ನ ವೇಗಕ್ಕೆ ಕೈ ಹೊಂದಬೇಕಾದರೆ ದಿನವೂ ಅದರ ಮುಂದೆ ಕೂರಬೇಕು. ಸುಮ್ನೆ ನೋಡಿದರೆ ಬರುವುದಿಲ್ಲ.

ಕೊನೆಗೆ ಪರೀಕ್ಷೆ ಮಾಡುವವರು ನಿಮ್ಮವರಲ್ಲ, ಬೇರೆ ಸಂಸ್ಥೆಯವರು. ಕಲಿಸಿದವರೇ ಅಂಕ ಹಾಕಬಾರದು ಅಂತ ಆ ನಿಯಮ, ಒಳ್ಳೆಯದೇ. ಆದರೆ ಅವರು ಓವರ್‌ಲಾಕ್ ಮಾಡಿ ತೋರಿಸಿ ಅಂದಾಗ ಫೇಲಾಗುವುದು ನಾವು. ತಪಾಸಣೆಯಲ್ಲಿ ಪಾಸಾಗಿದ್ದು ನೀವು. ಈ ಯೋಜನೆಯಲ್ಲಿ ನಮ್ಮಿಂದ ಶುಲ್ಕ ಇಲ್ಲ, ನಿಜ. ಹಾಗಂತ ಇದು ಧರ್ಮಕ್ಕೆ ನಡೆಯುತ್ತಿಲ್ಲ. ನಮ್ಮ ತಲೆ ಲೆಕ್ಕದ ಮೇಲೆ ನಿಮಗೆ ಸರ್ಕಾರದ ದುಡ್ಡು ಬರುತ್ತದೆ.

ತಪಾಸಣೆಯಲ್ಲಿ ತೋರಿಸಿದ ಅಷ್ಟೂ ಮಷಿನ್‌ಗಳು ಈ ಬ್ಯಾಚ್ ಮುಗಿಯುವವರೆಗೆ ಕೇಂದ್ರದಲ್ಲೇ ಇರಬೇಕು. ಆ ಮೇಡಂ ಹೆಸರು ದಾಖಲೆಯಲ್ಲಿದ್ದರೆ ಅವರೇ ಬಂದು ಕಲಿಸಲಿ. ಅವತ್ತು ನೀವು ಕೊಟ್ಟ ಸಲಕರಣೆ ಪಟ್ಟಿಯ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿ. ಏನಿದೆ, ಏನಿಲ್ಲ ಅಂತ ನಾವೇ ಗುರುತು ಹಾಕಿಕೊಳ್ಳುತ್ತೇವೆ.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಇಲ್ಲದಿದ್ದರೆ ಇದೇ ಪತ್ರವನ್ನು, ಟೆಂಪೊಗೆ ಮಷಿನ್ ಏರಿಸುವಾಗ ತೆಗೆದ ಫೋಟೊ ಸಮೇತ, ಜಿಲ್ಲಾ ಕೌಶಲ್ಯಾಭಿವೃದ್ಧಿ ಅಧಿಕಾರಿಗಳಿಗೆ ಕೊಡುತ್ತೇನೆ. ಮುಂದಿನ ಸಲ ಹೇಳದೆ ಬನ್ನಿ ಅಂತಲೂ ಅವರನ್ನು ಕೇಳಿಕೊಳ್ಳುತ್ತೇನೆ.

ಇಂತಿ,
ಹೊಲಿಗೆ ಬ್ಯಾಚಿನ ಅಭ್ಯರ್ಥಿ